ಮಡ್ಡಿ ಹೊಲದ ಕಪ್ಪು ಮಣ್ಣು

ಹಾಲಗೊಂಡ
ಫೆಬ್ರುವರಿ ಮೂವತ್ತು, ೨೨೧೪

ಪೂಜ್ಯ ಮಲಕಾಜಪ್ಪ ಮುತ್ಯಾನವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹೋದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆ ಒಂದು ಮನೆತನಕ್ಕೆ ಒಂದೇ ಸಲ ಸಿಗುತ್ತದೆ. ನಮ್ಮ ಸಲವನ್ನು ನಿಮಗಾಗಿ ಬಳಸುತ್ತಿದ್ದೇನೆ. ನಾನು ಸಾವಂತ್ರಿ, ನಿಮ್ಮ ಏಳನೆಯ ತಲೆಮಾರಿನವಳು. ನೀವು ಇನ್ನೇನು ದ್ರಾಕ್ಷಿ ನೆಡಲಿರುವ ದಿನ್ನೆಯ ಹೊಲದಲ್ಲಿ ನಾವು ಇವತ್ತಿಗೂ ವೈನ್ ಮಾಡುತ್ತೇವೆ.

ಬಿಸಿಲೇರುವ ಮೊದಲೇ ಸಾಲುಗಳ ಮೇಲೆ ನೆರಳುಬಲೆ ಎಳೆಯುತ್ತೇವೆ. ಅದು ಮಧ್ಯಾಹ್ನ ತಾನೇ ದಟ್ಟವಾಗಿ ಸಂಜೆಗೆ ತಿಳಿಯಾಗುವ ಬಟ್ಟೆ. ಮಳೆ ಅಪರೂಪ, ಬಂದರೆ ಹೊಲ ಮುಳುಗುವಷ್ಟು ಬರುತ್ತದೆ. ನಮಗಿರುವುದು ಎರಡು ಹೊಲ. ಹೊಳೆದಂಡೆಯ ಹಣ್ಣು ದಪ್ಪ, ರಸ ಬಹಳ, ರುಚಿ ನೀರು ನೀರು. ಅದನ್ನು ಒಣದ್ರಾಕ್ಷಿಗೆ ಹಾಕುತ್ತೇವೆ. ದಿನ್ನೆಯ ಹೊಲದ ಹೆಸರು ಮಡ್ಡಿ. ನಮ್ಮ ವೈನಿನ ಹೆಸರೂ ಅದೇ. ಪೀಪಾಯಿಯ ತಳದಲ್ಲಿ ಕೂರುವ ಗಸಿಗೂ ನಾವು ಮಡ್ಡಿ ಎನ್ನುತ್ತೇವೆ. ಪ್ರತಿ ಸುಗ್ಗಿಯಲ್ಲಿ ಆ ಗಸಿಯನ್ನು ಹೊತ್ತುಕೊಂಡು ಹೋಗಿ ದಿನ್ನೆಯ ಬಳ್ಳಿಗಳ ಬುಡಕ್ಕೆ ಸುರಿಯುವುದು ನಮ್ಮ ಮನೆಯ ಪದ್ಧತಿ. ಮೊದಲ ಕೊಡ ಸುರಿದು ಕೈಮುಗಿಯುವವಳು ನನ್ನ ಸೋದರತ್ತೆ ಕಸ್ತೂರವ್ವ. ಯಾಕೆ ಸುರಿಯಬೇಕೆಂದು ಒಮ್ಮೆ ಕೇಳಿದ್ದೆ. "ಹೊಲದ ಹೆಸರ ಮಡ್ಡಿ ಐತಿ. ಮಡ್ಡಿ ಬಿಟ್ಟು ಪಾಯಸಾ ಸುರೀಲೇನ, ಹುಚ್ಚಿ?" ಎಂದಿದ್ದಳು.

ಕೆಲವು ವರ್ಷಗಳಿಂದ ಆ ಬಳ್ಳಿಗಳು ಸಾಯುತ್ತಿವೆ. ಉಳಿದವುಗಳ ಹಣ್ಣು ಹೊಳೆದಂಡೆಯ ಹಣ್ಣಿನಂತೆಯೇ ಆಗಿದೆ. ಈ ವೈನು ಇಂಥ ಹೊಲದ್ದೇ ಎಂದು ಬಾಟಲಿಯ ಮೇಲೆ ಒತ್ತುವ ಮುದ್ರೆಗೆ ನಮ್ಮಲ್ಲಿ ನೆಲಗುರುತು ಎನ್ನುತ್ತಾರೆ. ಈ ಸುಗ್ಗಿಯಲ್ಲೂ ರುಚಿ ಕೆಟ್ಟರೆ ಅದು ಹೋಗುತ್ತದೆ. ಆಮೇಲೆ ನಮ್ಮ ವೈನು ಊರವರೆಲ್ಲರ ವೈನಿನ ಜೊತೆ ಒಂದೇ ತೊಟ್ಟಿಗೆ ಬೀಳುತ್ತದೆ, ಮಡ್ಡಿ ಎಂಬ ಹೆಸರು ಅಲ್ಲಿಗೆ ಮುಗಿಯುತ್ತದೆ.

ನಮ್ಮ ಕಾಲದಲ್ಲಿ ಗೇಣಿಗಿಂತ ಆಳ ಅಗೆಯಲು ಅಪ್ಪಣೆ ಬೇಕು. ಮೊನ್ನೆ ಅಪ್ಪಣೆ ಸಿಕ್ಕಿತು. ನನ್ನ ತಮ್ಮ ಧೂಳಪ್ಪ ಗುಂಡಿ ತೋಡಿದ. ಸೊಂಟದಾಳ ಹೋದ ಮೇಲೆ ಗುದ್ದಲಿಯ ಸದ್ದು ಬದಲಾಯಿತು. "ಅಕ್ಕಾ, ಕೆಳಗ ಇಳದ ನೋಡ. ಇದು ನಮ್ಮ ಹೊಲಾನ ಅಲ್ಲ," ಎಂದ.

ನಾನು ಇಳಿದೆ. ಕಪ್ಪು ಮಣ್ಣಿನ ತುಂಬ ಬಸವನಹುಳುವಿನ ಚಿಪ್ಪು, ಮೀನಿನ ಮುಳ್ಳು, ಒಡೆದ ಗಾಜಿನ ಬಳೆ. ಅದರ ಕೆಳಗೆ ಒಮ್ಮೆಗೇ ಕೆಂಪು ಕಲ್ಲುನೆಲ. ನಡುವಿನ ಗೆರೆ ಚಾಕುವಿನಿಂದ ಕೊಯ್ದಂತಿತ್ತು. ಬೇರುಗಳು ಕಲ್ಲಿಗೆ ಇಳಿದೇ ಇರಲಿಲ್ಲ. ಗಸಿ ಕುಡಿದು ಅಂಟಾದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ, ಅಡ್ಡಡ್ಡ ಮಲಗಿ ಕೊಳೆತಿದ್ದವು. ನೀವು ಕೆರೆಯನ್ನೇ ದಿನ್ನೆಗೆ ತಂದಿರೆಂದು ನಮ್ಮ ಮದುವೆಗಳಲ್ಲಿ ಹಾಡುತ್ತಾರೆ. ನೀರು ತಂದಿರೆಂದು ತಿಳಿದಿದ್ದೆವು. ನೀವು ತಂದದ್ದು ಕೆರೆಯ ಹೂಳು.

ಅತ್ತೆ ಗುಂಡಿಯ ಅಂಚಿನಿಂದ ಬಗ್ಗಿ ನೋಡಿದಳು. "ಇಷ್ಟ ವರ್ಷ ನಾ ಯಾರ ಮಣ್ಣಿಗಿ ಕೈಮುಗದ್ನೋ ಧೂಳ್ಯಾ?"

ಹಿಂದಂಚೆಯಲ್ಲಿ ನಮ್ಮ ಕಾಗದವನ್ನು ನಿಮ್ಮ ಕಾಲದ ಮಾತಿಗೆ ಹೊಂದಿಸುವ ಗುಮಾಸ್ತೆಯೊಬ್ಬಳಿದ್ದಾಳೆ. ಮೊದಲ ಕರಡನ್ನು ಓದಿ ಅವಳು ನಕ್ಕುಬಿಟ್ಟಳು. "ಮಡ್ಡಿ ಹೊಲಕ್ಕ ಗಸಿ ಯಾಕ ಸುರೀತೀರಿ? ಅವರ ಕಾಲದಾಗ ಮಡ್ಡಿ ಅಂದ್ರ ಕಲ್ಲುಭೂಮಿರೀ." ಈಗ ಊರಿನ ಬೇರೆ ಹೊಲಗಳೆಲ್ಲ ಹೇರಿ ತಂದ ಮಣ್ಣಿನವು; ಮಡ್ಡಿ ಮಾತ್ರ ಮೂಲದ ನೆಲವೆಂದು ನಂಬಿದ್ದೆವು. ಬಯಲಾದ ಕಲ್ಲುಭೂಮಿಯನ್ನು ನಾವು ಯಾರೂ ಕಂಡಿಲ್ಲ. ಆ ಹೊಲ ಏನೆಂದು ಅದರ ಹೆಸರೇ ಹೇಳುತ್ತಿತ್ತು. ನಾವು ಅದರ ಮೇಲೆ ಗಸಿ ಸುರಿಯುತ್ತಿದ್ದೆವು.

ನಿನ್ನೆ ಸಲಾಕೆ ಹಿಡಿದು ಹೊಲವನ್ನೆಲ್ಲ ಚುಚ್ಚಿ ನೋಡಿದೆವು. ಈಶಾನ್ಯದ ಮೂಲೆಯಲ್ಲಿ ಮಾತ್ರ ಸಲಾಕೆ ಕೂಡಲೇ ಕಲ್ಲಿಗೆ ತಾಗಿತು. ಅಲ್ಲಿ ಹೂಳು ಬಿದ್ದೇ ಇಲ್ಲ. ಅಲ್ಲಿನ ನಾಲ್ಕಾರು ಬಡಕಲು ಬಳ್ಳಿಗಳ ಹಣ್ಣು ಕಿರಿದು, ಸಿಪ್ಪೆ ದಪ್ಪ. ಯಾವಾಗಲೂ ರಾಶಿಯಲ್ಲಿ ಬೆರೆಸಿಬಿಡುತ್ತಿದ್ದೆವು. ಅತ್ತೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು, ನಾನೂ ಒಂದು ಹಾಕಿಕೊಂಡೆ. ಮೊದಲು ಹುಳಿ, ಆಮೇಲೆ ಗಾಢವಾದ ಸಿಹಿ, ಕೊನೆಗೆ ಕಾದ ಕಲ್ಲಿಗೆ ನೀರು ಚಿಮುಕಿಸಿದಾಗ ಏಳುವಂಥ ವಾಸನೆ. ಅತ್ತೆ ಬೀಜವನ್ನು ಅಂಗೈಗೆ ಉಗುಳಿ, "ಹಂಗಾರ ಏಳ ತಲಿಯಿಂದ ನಾವು ಕುಡದದ್ದ ಏನ?" ಎಂದಳು.

ಆದ್ದರಿಂದ ಬೇಡಿಕೊಳ್ಳುತ್ತೇನೆ ಮುತ್ಯಾ, ಆ ಹೊಲಕ್ಕೆ ಹೂಳು ಹಾಸಬೇಡಿ. ಕಲ್ಲಿನ ಸಂದಿಯಲ್ಲೇ ಬಳ್ಳಿ ನೆಡಿ. ಹಣ್ಣು ಕಡಿಮೆ ಬರುತ್ತದೆ, ಬರಲಿ. ನನ್ನ ಮಾತು ನಂಬುವಂತಿಲ್ಲ ಅನ್ನಿಸಿದರೆ ಈಶಾನ್ಯದ ಮೂಲೆಯೊಂದನ್ನಾದರೂ ಬಿಡಿ.

ಇಷ್ಟು ಬರೆದ ಮೇಲೆ ನನ್ನ ಕೈ ನಿಂತಿತು. ಆ ಮೂಲೆಯನ್ನು ನೀವು ಬಿಟ್ಟಿದ್ದೀರಿ. ದಿನ್ನೆಯನ್ನೆಲ್ಲ ಮುಚ್ಚುವವರು ಸುಮ್ಮನೆ ಒಂದು ಮೂಲೆ ಬಿಡುವುದಿಲ್ಲ. ಅಂದರೆ ಈ ಕಾಗದ ನಿಮಗೆ ಮುಟ್ಟಿದೆ. ನೀವು ಓದಿದ್ದೀರಿ. ಓದಿದ ಮೇಲೂ ಹೂಳು ಹೇರಲು ಟ್ರ್ಯಾಕ್ಟರುಗಳನ್ನು ಕರೆಸಿದ್ದೀರಿ.

ಊರವರು ನಕ್ಕರೋ, ಮನೆಯಲ್ಲಿ ಯಾರಾದರೂ ಹಟ ಹಿಡಿದರೋ ನನಗೆ ತಿಳಿಯದು. ಇದನ್ನು ಹರಿದು ಹಾಕೋಣ ಅನ್ನಿಸಿತು. ಆದರೆ ನಾನು ಕಳಿಸದಿದ್ದರೆ ಆ ನಾಲ್ಕಾರು ಬಳ್ಳಿಗಳ ಕೆಳಗೂ ಹೂಳೇ ಇರುತ್ತದೆ. ಕಳಿಸುತ್ತಿದ್ದೇನೆ. ಅಷ್ಟನ್ನಾದರೂ ನಂಬಿದಿರಿ, ಶರಣು.

ನಿಮ್ಮ
ಸಾವಂತ್ರಿ