ಮೇಡಂಗೆ ಭಾರ ಆಗುತ್ತೆ

ಸ್ಟುಡಿಯೋದ ಮೇಲಿನ ಕೋಣೆ,
ಭಾನುವಾರ ಮಧ್ಯಾಹ್ನ, ಜುಲೈ ೧೪

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಕೇಳಿರುವುದಿಲ್ಲ, ಗೊತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನು ಮಾತ್ರ ಕೆಂಡವಾಗಿದ್ದೇನೆ.

ನಾಟಕಗಳ ಫೋಟೋ ತೆಗೆಯುವ ನನ್ನ ಹಳೆಯ ಜೂಮ್ ಲೆನ್ಸ್ ಕೆಟ್ಟು ಕೂತಿತು. ಹೊಸದು ಕೊಳ್ಳಲು ತಮ್ಮನ ಜೊತೆ ಅಂಗಡಿಗೆ ಹೋದೆ. ಸ್ಟುಡಿಯೋ ಇಬ್ಬರದಾದರೂ ರಂಗದ ಕೆಲಸವೆಲ್ಲ ನನ್ನದು. ಅವನು ಪಾಸ್‌ಪೋರ್ಟ್ ಫೋಟೋ ಬಿಟ್ಟು ಆಚೆ ಹೋದವನಲ್ಲ. ಆದರೆ ಅಂಗಡಿಯವನ ಕಣ್ಣಿಗೆ ನಾನು ಬಿದ್ದರೆ ತಾನೆ! ಕೇಳಿದ್ದು ನಾನು, ಅವನು ಉತ್ತರ ಕೊಟ್ಟಿದ್ದು ತಮ್ಮನಿಗೆ. ದೊಡ್ಡ ಲೆನ್ಸನ್ನು ಕೈಗೆತ್ತಿಕೊಂಡರೆ, "ಮೇಡಂಗೆ ಭಾರ ಆಗುತ್ತೆ ಸಾರ್. ಇದು ತಗೊಳ್ಳಿ, ಅರ್ಧ ತೂಕ, ಅರ್ಧ ರೇಟು" ಎಂದ. ನಿನ್ನ ಮಗರಾಯ ಕೋಲೆಬಸವನ ಹಾಗೆ ತಲೆಯಾಡಿಸಿ, "ಹೌದಕ್ಕಾ, ನಿಂಗೂ ಐವತ್ತಾಯ್ತು. ಹಗುರದ್ದೇ ಇರ್ಲಿ ಬಿಡು" ಎಂದು ಅಂಗಡಿಗೆಲ್ಲ ನನ್ನ ವಯಸ್ಸು ಸಾರಿದ. ಬೀದಿಯಲ್ಲಿ ರಂಪ ಬೇಡವೆಂದು ಹಲ್ಲು ಕಚ್ಚಿಕೊಂಡು ಅದನ್ನೇ ತಂದೆ.

ಹಗುರವಾದದ್ದು ಕೆಟ್ಟ ಲೆನ್ಸಲ್ಲ ಅಮ್ಮಾ, ಸುಳ್ಳು ಹೇಳಬಾರದು. ಬಿಸಿಲಿನಲ್ಲಿ ಚಿತ್ರ ಕನ್ನಡಿಯ ಹಾಗೆ ಬರುತ್ತದೆ. ಆದರೆ ದೂರದ್ದನ್ನು ಹತ್ತಿರಕ್ಕೆ ಎಳೆದಾಗ ಅದರೊಳಗೆ ಬೆಳಕು ಸಾಲದೆ ಅಲುಗಾಡುವುದೆಲ್ಲ ಮಸುಕಾಗುತ್ತದೆ. ಕಳೆದ ವಾರ ಒಂದು ಶಾಲೆಯ ನಾಟಕವಿತ್ತು. ಮಾತು ತೊದಲುವ ಹುಡುಗಿಯೊಬ್ಬಳು ಮೊದಲ ಸಲ ರಂಗಕ್ಕೆ ಬಂದಿದ್ದಳು. ಮಗನನ್ನು ಕಳೆದುಕೊಂಡ ಮುದುಕಿಯ ಪಾತ್ರ, ಒಂದೂ ಮಾತಿಲ್ಲ. ಮಂದ ಬೆಳಕಿನಲ್ಲಿ ಎರಡು ಕೈಗಳಿಂದ ಗಾಳಿಯನ್ನು ತಡವುತ್ತಾ ಮಗನನ್ನು ಹುಡುಕುತ್ತಾಳೆ. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ನನ್ನ ಚಿತ್ರದಲ್ಲಿ ಆ ಕೈಗಳು ಹೊಗೆಯ ಹಾಗೆ ಕಲಸಿಹೋಗಿದ್ದವು. ಅವಳು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ನ… ನನ್ನ ಕೈ ಎಲ್ಲಿ ಆಂಟಿ?" ಎಂದಳು.

ಮೈಯೆಲ್ಲ ಉರಿದುಹೋಯಿತು. ಮರುದಿನ ಒಬ್ಬಳೇ ಅಂಗಡಿಗೆ ಹೋಗಿ, ಬಾಗಿಲಿನ ಶಟರ್ ಅರ್ಧ ಎಳೆಸಿ ಒಳಗೆ ಮಬ್ಬು ಮಾಡಿಸಿ, ಅಂಗಡಿಯವನನ್ನೇ ಗೋಡೆಗೆ ನಿಲ್ಲಿಸಿ, "ಈಗ ಕೈ ಬೀಸಿ" ಎಂದೆ. ಎರಡೂ ಲೆನ್ಸಿನಲ್ಲಿ ತೆಗೆದೆ. ಹಗುರದ್ದರಲ್ಲಿ ಅವನ ಕೈಯೇ ಇಲ್ಲ. ದೊಡ್ಡದರಲ್ಲಿ ಉಂಗುರದ ಕಲ್ಲೂ ಕಾಣುತ್ತದೆ. ಮುಖ ಹುಳ್ಳಗೆ ಮಾಡಿಕೊಂಡು ದೊಡ್ಡದನ್ನು ಡಬ್ಬಿಗೆ ಹಾಕಿದ. ಆಮೇಲೂ ಕೇಳಿದ್ದೇನು ಗೊತ್ತೆ? "ಸಾರ್‌ಗೆ ಗೊತ್ತಾ ಮೇಡಂ?" ನಾನೂ ಬಿಡಲಿಲ್ಲ: "ಕಣ್ಣು ನಂದು, ಭುಜ ನಂದು, ದುಡಿದಿದ್ದೂ ನಾನು. ಸಾರ್‌ಗೆ ಯಾಕ್ರೀ ಗೊತ್ತಾಗ್ಬೇಕು?"

ತಮ್ಮನಿಗೆ ಮುನಿಸು. "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಎನ್ನುತ್ತಾನೆ. ನನ್ನ ಒಳ್ಳೆಯದು ಯಾವುದೆಂದು ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತು ನೋಡು! ಹಗುರದ್ದು ಬೇಕಾದ ದಿನ ನಾನೇ ಬಾಯಿಬಿಟ್ಟು ಕೇಳುತ್ತೇನೆ, ಅಲ್ಲಿಯವರೆಗೆ ಯಾರೂ ನನ್ನ ತೋಳಿನ ಲೆಕ್ಕ ಹಾಕುವುದು ಬೇಡ.

ನಿನ್ನೆ ಟೀಚರನ್ನು ಕಾಡಿ ಬೇಡಿ ಖಾಲಿ ಸಭಾಂಗಣದಲ್ಲಿ ಅದೇ ದೀಪ ಹಾಕಿಸಿದೆ. ಹುಡುಗಿ ಮತ್ತೆ ಆಡಿ ತೋರಿಸಿದಳು. ಈ ಸಲ ಹತ್ತು ಬೆರಳೂ ಬಂದಿವೆ, ನಡುಕದ ಸಮೇತ. ಅವಳ ಅಪ್ಪ ಆ ಚಿತ್ರ ಹಿಡಿದುಕೊಂಡು ಒಂದೊಂದೇ ಬೆರಳು ಎಣಿಸಿದ.

ಅಕ್ಕ, ಭಾವನಿಗೆ ನನ್ನ ನೆನಪು ಹೇಳು. ಮಾತ್ರೆ ಮರೆಯಬೇಡ. ನಿನ್ನ ಆಶೀರ್ವಾದ ಇರಲಿ.

ನಿನ್ನ ನಡುವಿನ ಮಗಳು

ಮರೆತಿದ್ದೆ: ಬಲಭುಜ ನಿನ್ನೆಯಿಂದ ಮೇಲೇಳುತ್ತಿಲ್ಲ. ಕ್ಯಾಮೆರಾ ತೂಗುಹಾಕುವ ಅಂಗಡಿಯ ಪಟ್ಟಿ ಕುತ್ತಿಗೆಯನ್ನು ಕೊಯ್ಯುತ್ತದೆ. ಅಕ್ಕನ ಹೊಲಿಗೆ ಯಂತ್ರದಲ್ಲಿ ಒಂದು ಅಗಲವಾದ ಪಟ್ಟಿ ಹೊಲಿದು ಕಳಿಸುತ್ತೀಯಾ, ಒಳಗೆ ಮೆತ್ತಗೆ ಹತ್ತಿ ತುಂಬಿ? ತಮ್ಮನ ಕಿವಿಗೆ ಬೀಳದಿರಲಿ.