ಧಾರೆ ಸೀರೆಯ ಕೆಳಗಿದ್ದ ಕನ್ನಡಕ

ಅಮ್ಮಾ,

ವಿದ್ಯಾನಗರಕ್ಕೆ ಟ್ಯೂಷನ್ ಹೇಳೋಕೆ ಹೋಗ್ತಿದ್ದೀನಿ. ನನ್ನನ್ನು ನೋಡೋಕೆ ಭದ್ರಾವತಿಯವರು ಬರೋದು ನಾಲ್ಕಕ್ಕೆ ತಾನೆ, ಮೂರೂವರೆಗೆ ಬಂದುಬಿಡ್ತೀನಿ.

ಹಾಲು ಕಾಯಿಸಿಟ್ಟಿದ್ದೀನಿ. ಉಪ್ಪಿಟ್ಟು ನೀನೇ ಮಾಡು. ನಾನು ಮಾಡಿದ್ದು ಅಂತ ಮಾತ್ರ ಹೇಳಬೇಡ.

ನೀನು ಟ್ರಂಕಿನಲ್ಲಿ ನಿನ್ನ ಧಾರೆ ಸೀರೆಯ ಕೆಳಗೆ ಬಚ್ಚಿಟ್ಟಿದ್ದ ನನ್ನ ಕನ್ನಡಕ ತಗೊಂಡಿದ್ದೀನಿ. ಇವತ್ತು ಅದನ್ನು ಹಾಕಿಕೊಂಡೇ ಅವರ ಮುಂದೆ ಕೂರ್ತೀನಿ. ಹೋದ ಸಲ ಕನ್ನಡಕ ಇಲ್ಲದೆ, ನೀಲಿ ಶರ್ಟಿನವರನ್ನು ನೋಡಿ ಒಪ್ಪಿಗೆ ಅಂದುಬಿಟ್ಟೆ. ಅವರು ಹುಡುಗನ ಭಾವ. ಎರಡು ಮಕ್ಕಳಿದ್ದಾರೆ.

“ಕನ್ನಡಕ ಕಂಡ್ರೆ ಯಾರೂ ಒಪ್ಪಲ್ಲ ಮಾರಾಯ್ತಿ” ಅಂತೀಯ. ಒಪ್ಪದಿದ್ದರೆ ಉಪ್ಪಿಟ್ಟು ತಿಂದು ಹೋಗಲಿ. ನನ್ನ ಕಣ್ಣು ಇರೋದೇ ಹೀಗೆ.

ಅಲ್ಲೇ ಇನ್ನೊಂದು ಹಳೇ ಕನ್ನಡಕವೂ ಸಿಕ್ಕಿತು. ಎಸ್‌ಟಿಡಿ ಬೂತಿನಿಂದ ಅಜ್ಜಿಗೆ ಫೋನ್ ಮಾಡಿ ಕೇಳಿದೆ. “ಅದು ನಿಮ್ಮಮ್ಮಂದು. ಗಂಡಿನೋರು ಬಂದಾಗ ನಾನೇ ತೆಗೆಸಿದ್ದೆ. ಆಮೇಲೆ ಅವ್ಳು ಹಾಕಲೇ ಇಲ್ಲ” ಅಂದರು.

ಆವತ್ತು ನೀನು ಭದ್ರಾವತಿ ಬಸ್ಸು ಅಂತ ನಮ್ಮನ್ನು ಸಕ್ರೆಬೈಲಿನ ಬಸ್ಸು ಹತ್ತಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಅಲ್ಲಿನ ಬಿಡಾರದಲ್ಲಿ ಆನೆ ಕಾಣಿಸಿತಲ್ಲ ಅನ್ನಬೇಡ. ಆನೆ ಎಲ್ಲರಿಗೂ ಕಾಣುತ್ತೆ.

ನಿನ್ನ ಕನ್ನಡಕ ಒರೆಸಿ ಈ ಚೀಟಿಯ ಮೇಲೆ ಇಟ್ಟಿದ್ದೀನಿ. ಪವರ್ ಸಾಲದಿದ್ದರೆ ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಇವತ್ತಿಗೆ ಇದನ್ನೇ ಹಾಕಿಕೊಂಡು ಹುಡುಗನನ್ನು ಸರಿಯಾಗಿ ನೋಡು.

ಹಾಗೇ ಅಪ್ಪನನ್ನೂ ಒಂದು ಸಲ ನೋಡು. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು.

ಮೈತ್ರಿ