ಬಳಪ ತಿಂದವರಿಗೆ

ಗುಜರಿಗುಡ್ಡ,
ಫೆಬ್ರವರಿ ೩೧, ೨೪೧೧

ಹಿಂದಿನವರೇ,

ನಮ್ಮ ಫೆಬ್ರವರಿಗೆ ಮೂವತ್ತೊಂದು ದಿನ. ತಾರೀಕು ನೋಡಿ ನಗಬೇಡಿ. ನನ್ನ ಮಾತು ಅಲ್ಲಲ್ಲಿ ಅರ್ಥವಾಗದಿದ್ದರೆ ಕ್ಷಮಿಸಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬಿಟ್ಟದ್ದೂ ನಿಮ್ಮಿಂದಲೇ.

ನಿಮ್ಮನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಬಳಪದ ಕಲ್ಲು ನಿಮಗೆ ಗುಡ್ಡಗಟ್ಟಲೆ ಇತ್ತು. ಅದನ್ನು ಹಿಟ್ಟು ಮಾಡಿ, ಬಿಸಿಲಿಗೆ ಬಾಗದಿರಲೆಂದು ಕಾರಿನ ಬಂಪರಿನ ಪ್ಲಾಸ್ಟಿಕ್ಕಿಗೆ ಬೆರೆಸಿದಿರಿ. ಟ್ಯೂಬು ಒಳಗೊಳಗೇ ಅಂಟದಿರಲೆಂದು ರಬ್ಬರಿಗೆ ಎರಚಿದಿರಿ. ಮಿಕ್ಕಿದ್ದನ್ನು ಪೌಡರೆಂದು ಮುಖಕ್ಕೆ ಬಳಿದುಕೊಂಡಿರಿ. ಇಷ್ಟೂ ಸಾಲದೆ ನಿಮ್ಮ ಮಕ್ಕಳು ಸ್ಲೇಟಿನ ಬಳಪವನ್ನು ಕಟಕಟನೆ ಕಡಿದು ತಿನ್ನುತ್ತಿದ್ದವಂತೆ! ಎಂಥ ಪುಣ್ಯವಂತರಯ್ಯಾ ನೀವು.

ನಾವು ಈ ಗುಡ್ಡ ಅಗೆದು ನಿಮ್ಮ ಬಂಪರುಗಳನ್ನೇ ಹುಡುಕುತ್ತೇವೆ. ಒಳಬದಿಯ ಅಚ್ಚಿನಲ್ಲಿ 'ಟಿಡಿ' ಎಂದಿದ್ದರೆ ಅದರಲ್ಲಿ ಬಳಪವಿದೆ. ಸುಟ್ಟರೆ ಪ್ಲಾಸ್ಟಿಕ್ ಹೋಗಿ ಬಿಳಿ ಹಿಟ್ಟು ಉಳಿಯುತ್ತದೆ. ಅದಕ್ಕೆ ಬಂಪರ್‌ಬೂದಿ ಎನ್ನುತ್ತೇವೆ. ಹೊಗೆ ಕುಡಿದು ಕೆಮ್ಮುವವರು ನಾವು. ಬೂದಿ ಹೋಗುವುದು ಅಂಟುಮನೆಗೆ, ಅಂದರೆ ನೀರಿನ ಚೀಲಗಳಿಗೆ ರಬ್ಬರ್ ಹಾಳೆ ಒತ್ತುವ ಕಡೆಗೆ. ಹಾಳೆಗಳ ನಡುವೆ ಅದನ್ನು ಉದುರಿಸದಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುತ್ತವೆ. ನಾನು ಚಿಕ್ಕವಳಿದ್ದಾಗ ಬೂದಿ ಸಾಲದೆ ಅಂಟುಮನೆಯವರು ಶಾಲೆಯ ಬಳಪಗಳನ್ನೆಲ್ಲ ಒಯ್ದು ಕುಟ್ಟಿದರು. ಬಳಪದ ಹಿಂದೆ ಶಾಲೆಯೂ ಹೋಯಿತು.

ನಿನ್ನೆ ಅಗೆಯುವಾಗ ತುಕ್ಕು ಹಿಡಿದ ಡಬ್ಬಿಯೊಂದರಲ್ಲಿ ಇಡೀ ಬಳಪ ಸಿಕ್ಕಿತು. ಅಕ್ಷರ ತಿದ್ದಿಸೋಣವೆಂದು ತಂದು ಮೊಮ್ಮಗಳು ಚಂಪಾಳ ಕೈಗಿಟ್ಟೆ. ಅಂಟುಮನೆಯ ಮೇಸ್ತ್ರಿ ನಿಂಗರಾಜ ಅಷ್ಟರಲ್ಲೇ ವಾಸನೆ ಹಿಡಿದು ಬಂದ.

"ಕೆಂಚಜ್ಜಿ, ಅದ್ನ ಕುಟ್ಟಿ ಕೊಡು. ಒಂದು ಹಾಳೆಗಾದ್ರೂ ಆಯ್ತದೆ."

"ನಿಮ್ಮಜ್ಜ ನಂದು ಕುಟ್ಟಿದ್ದು ಸಾಲ್ದೇನೋ? ಹೋಗಿ ನಿನ್ ಹಲ್ಲು ಕುಟ್ಕೋ!"

ಅವನನ್ನು ಅಟ್ಟಿ ತಿರುಗಿ ನೋಡಿದರೆ ಚಂಪಾಳ ತುಟಿಯೆಲ್ಲ ಬಿಳಿ. ಅರ್ಧ ಬಳಪ ತಿಂದಿದ್ದಳು! ಯಾರೂ ಹೇಳಿಕೊಟ್ಟಿರಲಿಲ್ಲ. ಹೊಡೆಯಲು ಕೈ ಎತ್ತಿದೆ. "ಮಳೆ ಬಿದ್ದ ಮಣ್ಣಿನಂಗದೆ ಅಜ್ಜಿ" ಅಂದಳು. ಅವಳ ಮೇಲೂ ಹೊಟ್ಟೆ ಉರಿಯಿತು. ನಾನು ಒಮ್ಮೆಯೂ ತಿಂದಿರಲಿಲ್ಲ.

ಮಿಕ್ಕ ಅರ್ಧದಲ್ಲಿ, ಅಂಟಿ ಕೆಟ್ಟ ಕಪ್ಪು ರಬ್ಬರ್ ಹಾಳೆಯ ಮೇಲೆ, ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಬಳಪವಿದ್ದರೆ ಒಂದು ಡಬ್ಬಿ ನಮಗೆಂದು ಮಣ್ಣಿನಲ್ಲಿ ಹೂತಿಡಿ. ಎಲ್ಲವನ್ನೂ ಬಂಪರಿಗೆ ಸುರಿಯಬೇಡಿ. ಬೈಯುವುದು ಇನ್ನೂ ಬಹಳವಿತ್ತು. ಆದರೆ ಬಳಪ ಉಗುರಿನಷ್ಟಾಗಿದೆ. ಇನ್ನೊಂದು ಸಾಲು ಬರೆದರೆ ಚಂಪಾಳ 'ಅ'ಕ್ಕೆ ಉಳಿಯುವುದಿಲ್ಲ.